ಹತ್ತು ಕಳೆದ ಬೆಂಚು

೧೦

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮೊದಲ ಕರಡು ಹೀಗಿತ್ತು: “ಪ್ರತಿಯೊಂದು ಹಲಗೆಯೊಳಗೂ ಒಂದು ಕಾಡಿನ ನೆನಪು ಮಲಗಿರುತ್ತದೆ.” ಓದಿ ನೋಡಿದೆ. ಚೆನ್ನಾಗಿತ್ತು. ಅದಕ್ಕೇ ಅನುಮಾನ ಬಂತು. ಹಲಗೆಯೊಳಗೆ ನೆನಪು ಇರುವುದಿಲ್ಲ, ತೇವಾಂಶ ಇರುತ್ತದೆ. ಹರಿದು ಹಾಕಿದೆ. ಎರಡನೆಯ ಕರಡು ಕರೆಗಂಟೆಯ ಸದ್ದಿನಿಂದ ಶುರುವಾಗಿತ್ತು. ಆದರೆ ಕರೆಗಂಟೆಯನ್ನು ಕಥೆಯ ಕೊನೆಯಲ್ಲಿ ಬಾರಿಸುವುದಿದೆ, ಮೊದಲೇ ಬಾರಿಸಿಬಿಟ್ಟರೆ ಆಮೇಲೆ ಯಾರ ಕೈಕಾಲು ಹಿಡಿಯಲಿ? ಮೂರನೆಯದು: “ಆ ಭಾನುವಾರ ಎದ್ದಾಗಿನಿಂದ ಅವನಿಗೆ ಏನೋ ಆಗಲಿದೆ ಎಂದು ಅನಿಸುತ್ತಲೇ ಇತ್ತು.” ಅವನನ್ನೇ ಕೇಳಿದೆ. ಹಾಗೇನೂ ಅನಿಸಿರಲಿಲ್ಲ ಎಂದ.

ಹಾಗಾಗಿ ಹತ್ತರಿಂದ ಶುರು ಮಾಡಿದ್ದೇನೆ. ಮೇಲಿನ ಅಂಕಿ ಅಚ್ಚಿನ ತಪ್ಪಲ್ಲ. ಒಂದರಿಂದ ಒಂಬತ್ತರವರೆಗಿನ ಭಾಗಗಳು ಹೊಲಿಗೆ ಬಿಚ್ಚಿ ಉದುರಿಹೋಗಿಲ್ಲ, ಪುಸ್ತಕ ಕೊಟ್ಟವರ ಹತ್ತಿರ ಜಗಳಕ್ಕೆ ಹೋಗಬೇಡಿ. ಈ ಕಥೆಯ ನಾಯಕನಿಗೆ ಸೊನ್ನೆಯ ಮೇಲೆ ನಂಬಿಕೆ ಇಲ್ಲ, ಅಷ್ಟೆ. ಯಾಕೆಂದು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಒಂದು ವಿಷಯ ತಲೆಯಲ್ಲಿರಲಿ: ಇಲ್ಲಿ ಓದಿದ್ದರಿಂದ ಕೊನೆಯಲ್ಲಿ ಹತ್ತನ್ನು ಕಳೆಯುವುದು ಬಾಕಿ ಇದೆ.

೧೧

ನಾಯಕ ಕೆಲಸ ಮಾಡುವುದು ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ. ತಕ್ಕಡಿ, ಥರ್ಮಾಮೀಟರು, ಟೇಪು, ಒತ್ತಡದ ಮೀಟರು, ಎಲ್ಲವೂ ಅವನ ಮೇಜಿನ ಮೇಲೆ ತಪ್ಪಿತಸ್ಥರ ಹಾಗೆ ಸಾಲಾಗಿ ನಿಲ್ಲುತ್ತವೆ. ಯಾವುದು ಎಷ್ಟು ಸುಳ್ಳು ಹೇಳುತ್ತದೆ ಎಂದು ಕಂಡುಹಿಡಿದು, ಆ ಸುಳ್ಳಿನ ಪ್ರಮಾಣವನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ಅವನ ಉದ್ಯೋಗ. ಸುಳ್ಳು ಹೇಳಿದ್ದಕ್ಕೆ ಅವನು ಯಾವ ಉಪಕರಣವನ್ನೂ ಬೈಯುವುದಿಲ್ಲ. ಎಷ್ಟು ಎಂದು ಗೊತ್ತಿದ್ದರೆ ಸಾಕು, ಅಷ್ಟನ್ನು ಕಳೆದುಕೊಂಡರಾಯಿತು. (ಈ ವಾಕ್ಯವನ್ನು ನೆನಪಿಟ್ಟುಕೊಳ್ಳುವ ತೊಂದರೆ ತೆಗೆದುಕೊಳ್ಳಬೇಡಿ. ಸಮಯ ಬಂದಾಗ ನಾನೇ ತಂದು ನಿಮ್ಮ ಮೂಗಿನ ಕೆಳಗೆ ಹಿಡಿಯುತ್ತೇನೆ. ಸೂಕ್ಷ್ಮವಾಗಿ ಹೇಳುವ ಕಲೆ ನನಗೆ ಬರುವುದಿಲ್ಲ.)

ಮನೆಯಲ್ಲಿ ಅವನಿಗೆ ಮಿಲಿಮೀಟರು ಎಂದು ಅಡ್ಡಹೆಸರು. ಇಟ್ಟವರು ಅವನ ಅತ್ತೆ, ಹೆಂಡತಿಯ ತಾಯಿ. ಹಿಂದಿನಿಂದ ಕರೆದು ಅಭ್ಯಾಸವಾದ ಮೇಲೆ ಎದುರಿಗೇ ಕರೆಯತೊಡಗಿದರು.

ಅತ್ತೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ದುಡಿದ ಕಾಲವನ್ನೆಲ್ಲ ಓಲಾಡುವ ಬಸ್ಸಿನಲ್ಲಿ ನಿಂತುಕೊಂಡು, “ಮುಂದೆ ಹೋಗ್ರಿ, ಮುಂದೆ ಸೀಟ್ ಖಾಲಿ ಇದೆ” ಎಂದು ಊರಿಗೆಲ್ಲ ಕೂರಲು ಜಾಗ ತೋರಿಸಿದವರು. ಹಾಗೆ ನಿಂತೂ ನಿಂತೂ ಬಲಗಾಲಿನ ಮಂಡಿ ಸವೆದುಹೋಯಿತು. ಡಾಕ್ಟರು ಅದನ್ನು ತೆಗೆದು ಲೋಹದ ಮಂಡಿ ಕೂರಿಸಿದರು. ಆಪರೇಷನ್ ಆದಾಗಿನಿಂದ ಅವರು ದೊಡ್ಡ ಮಗಳ ಮನೆಯಲ್ಲಿ, ಅಂದರೆ ಮಿಲಿಮೀಟರಿನ ಮನೆಯಲ್ಲಿ ಇದ್ದಾರೆ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಬೀದಿಯವರೆಲ್ಲ ಕಂಡಕ್ಟರಮ್ಮ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಬೇರೆ ಹೆಸರು ಕೇಳುವಷ್ಟು ಧೈರ್ಯ ನನಗೆ ಬಂದಿಲ್ಲ.

ಹೆಂಡತಿ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದಾಳೆ. ಡಾಕ್ಟರು ಬರೆದ ಚೀಟಿಯಲ್ಲಿ ಪ್ರಮಾಣ ಹೆಚ್ಚುಕಡಿಮೆಯಾಗಿದ್ದರೆ ಸದ್ದಿಲ್ಲದೆ ಸರಿಪಡಿಸುತ್ತಾಳೆ. ರೋಗಿಗೆ ಗಾಬರಿಯಾಗಬಾರದು, ಡಾಕ್ಟರಿಗೆ ಮುಖ ಸಣ್ಣದಾಗಬಾರದು. ಆಸ್ಪತ್ರೆಯಲ್ಲಿ ಇದನ್ನು ಜಾಣತನ ಎನ್ನುತ್ತಾರೆ. ಮನೆಯಲ್ಲಿ ಏನೆನ್ನುತ್ತಾರೆ ಎಂದು ಮುಂದೆ ನೋಡೋಣ.

ಪಾತ್ರಗಳು ಮುಗಿದವು. ಕಿರಿಯ ಮಗಳು ಒಬ್ಬಳಿದ್ದಾಳೆ, ಕಾರಿನಲ್ಲಿ ಬರುತ್ತಿದ್ದಾಳೆ. ಬಂದಾಗ ನೋಡಿಕೊಳ್ಳೋಣ.

೧೨

ಎಲ್ಲ ತೊಂದರೆ ಶುರುವಾಗಿದ್ದು ಒಂದು ಜೊತೆ ಶೂಗಳಿಂದ.

ಹೊರಗೆ ಓಡಾಡುವಾಗ ಚಪ್ಪಲಿ ಬೇಡ, ಲೇಸು ಬಿಗಿದು ಕಟ್ಟುವ ಶೂಗಳನ್ನೇ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಶೂ ಹಾಕಿಕೊಳ್ಳಲು ಕೂರಬೇಕು. ಕೂರುವ ಜಾಗ ಮಂಡಿಗಿಂತ ಕೆಳಗಿದ್ದರೆ ಏಳಲು ಆಗುವುದಿಲ್ಲ, ಹೊಸ ಮಂಡಿ ಅಷ್ಟು ಮಡಚುವುದಿಲ್ಲ. ಮುಂಬಾಗಿಲ ಹತ್ತಿರ ಕೂರಲು ಏನೂ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಕಂಡಕ್ಟರಮ್ಮ ಗೋಡೆ ಹಿಡಿದು ನಿಲ್ಲುವುದು, ಮಗಳು ಅವರ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಲೇಸು ಕಟ್ಟುವುದು. ಆಮೇಲೆ ಒಬ್ಬರು ಬೀದಿ ತುದಿಯ ಗೆಳತಿಯ ಮನೆಗೆ, ಇನ್ನೊಬ್ಬಳು ಆಸ್ಪತ್ರೆಗೆ.

ಕೆಲವು ದಿನ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಕಂಡಕ್ಟರಮ್ಮ, “ಇವತ್ತು ಹೋಗೋ ಮನಸ್ಸಿಲ್ಲ ಕಣೇ” ಎಂದರು. ಮರುದಿನವೂ ಇರಲಿಲ್ಲ. ಅದರ ಮರುದಿನ ಮನಸ್ಸಿನ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಬೀದಿ ತುದಿಯ ಗೆಳತಿ ಫೋನು ಮಾಡಿ, ಬದುಕಿದ್ದೀಯೋ ಹೇಗೆ ಎಂದು ಕೇಳಿದಳು. “ಡಿಪೋದಲ್ಲಿ ನಿಂತಿದ್ದೀನಿ, ರಿಪೇರಿ” ಎಂದರು ಕಂಡಕ್ಟರಮ್ಮ.

ಅದೇ ವಾರ ಕಿರಿಯ ಮಗಳ ಫೋನು ಬಂತು. ಅವಳ ಮನೆಯಲ್ಲಿ ಲಿಫ್ಟ್ ಇದೆ, ಎತ್ತರದ ಕುರ್ಚಿ ಇದೆ, ಹಗಲು ನೋಡಿಕೊಳ್ಳಲು ನರ್ಸು ಇದ್ದಾಳೆ. ಭಾನುವಾರ ಬರ್ತೀನಿ, ರೆಡಿಯಾಗಿರು ಎಂದಳು. (ಕೆಟ್ಟವಳಲ್ಲ. ಕೆಟ್ಟವಳನ್ನಾಗಿ ಮಾಡಿದ್ದರೆ ನನ್ನ ಕೆಲಸ ಸಲೀಸಾಗುತ್ತಿತ್ತು, ಪ್ರಯತ್ನವನ್ನೂ ಮಾಡಿದೆ. ಅವಳು ನಿಜಕ್ಕೂ ತಾಯಿಗೆ ಒಳ್ಳೆಯದಾಗಲಿ ಎಂದೇ ಕರೆಯುತ್ತಿದ್ದಾಳೆ. ಇಂಥವರಿಂದಲೇ ಕಥೆಗಳು ಕಷ್ಟವಾಗುವುದು.)

ಕಂಡಕ್ಟರಮ್ಮ ಫೋನು ಇಟ್ಟು, ಊಟದ ಮೇಜಿನಲ್ಲಿ ತೀರ್ಪು ಕೊಟ್ಟರು.

“ನಾನು ಯಾರ ಮುಂದೇನೂ ಬಗ್ಗಿದವಳಲ್ಲ. ನನ್ನ ಮುಂದೆ ಮಗಳು ದಿನಾ ಬಗ್ಗೋದನ್ನ ನೋಡೋಕೂ ಆಗಲ್ಲ. ಭಾನುವಾರದೊಳಗೆ ನನ್ನ ಶೂ ನಾನೇ ಹಾಕ್ಕೊಂಡು, ನಾನೇ ಎದ್ದು, ನಾನೇ ಬಾಗಿಲು ದಾಟಿದ್ರೆ ಇಲ್ಲೇ ಇರ್ತೀನಿ. ಇಲ್ದಿದ್ರೆ ಚಿಕ್ಕವಳ ಜೊತೆ ಹೊರಟೆ.”

ಇದಕ್ಕೆ ಮಗಳು “ಬೇಡಮ್ಮ, ಇರು” ಎನ್ನಬಹುದಿತ್ತು. ಅಳಿಯನೂ ಎನ್ನಬಹುದಿತ್ತು. ಕಥೆ ಇಲ್ಲೇ ಮುಗಿದು, ನೀವು ಬೇರೆ ಏನಾದರೂ ಕೆಲಸ ನೋಡಿಕೊಳ್ಳಬಹುದಿತ್ತು. ಅಳಿಯ ಚಮಚೆ ಕೆಳಗಿಟ್ಟು, “ಬೆಂಚು ಮಾಡ್ತೀನಿ” ಎಂದ.

೧೩

(ರದ್ದಾದ ಭಾಗ. ಇಲ್ಲಿ ಓದುಗರಾದ ನೀವು, ಅಂಗಡಿಯಿಂದ ಒಂದು ಕುರ್ಚಿ ತರಬಹುದಲ್ಲವೇ ಎಂದು ಕೇಳುತ್ತೀರಿ. ನಾನು ಬಹಳ ಗಂಭೀರವಾಗಿ, ಮನುಷ್ಯ ತನ್ನ ಕೈಯಾರೆ ಮಾಡಿದ ವಸ್ತುವಿನಲ್ಲಿ ತನ್ನನ್ನೇ ಕಂಡುಕೊಳ್ಳುವುದರ ಬಗ್ಗೆ ಎರಡು ಪುಟ ಬರೆದಿದ್ದೆ. ಅದನ್ನು ಅಡುಗೆಮನೆಯ ಕಪಾಟಿಗೆ ಹಾಸಲು ಕೊಟ್ಟಿದ್ದೇನೆ. ನಿಜವಾದ ಕಾರಣ ಇಷ್ಟು: ಮುಂಬಾಗಿಲು ಒಳಗಡೆಗೆ ತೆರೆಯುತ್ತದೆ. ಬಾಗಿಲ ಹಿಂದೆ, ಗೋಡೆಗೂ ಚಪ್ಪಲಿ ಗೂಡಿಗೂ ನಡುವೆ ಒಂದು ಇಕ್ಕಟ್ಟಾದ ಜಾಗ. ಯಾವ ಕುರ್ಚಿ ಇಟ್ಟರೂ ಬಾಗಿಲು ಬಂದು ಅದರ ಮಂಡಿಗೆ ಬಡಿಯುತ್ತದೆ. ಮನೆಯಲ್ಲಿ ಕೆಟ್ಟ ಮಂಡಿ ಒಂದು ಸಾಕು ಎಂದು ಕಂಡಕ್ಟರಮ್ಮ ಕುರ್ಚಿಯನ್ನು ವಾಪಸು ಕಳಿಸಿದ್ದರು. ಆ ಜಾಗಕ್ಕೆ ಹೊಂದುವ ಬೆಂಚನ್ನು ಆ ಜಾಗಕ್ಕೇ ಅಂತ ಮಾಡಬೇಕು.

ಇನ್ನೊಂದು ಕಾರಣವೂ ಇದೆ. ಮಿಲಿಮೀಟರಿಗೆ “ಇರಿ ಅತ್ತೆ” ಎನ್ನುವುದಕ್ಕಿಂತ ಬೆಂಚು ಮಾಡುವುದು ಸುಲಭವಾಗಿತ್ತು. ಆದರೆ ಇದನ್ನು ಈಗಲೇ ಹೇಳಿಬಿಟ್ಟರೆ ವಿಮರ್ಶಕರಿಗೆ ಕೆಲಸ ಉಳಿಯುವುದಿಲ್ಲ, ಅದಕ್ಕೇ ಭಾಗವನ್ನು ರದ್ದು ಮಾಡಿದ್ದೇನೆ.)

೧೪

ಈಗ ಸೊನ್ನೆಯ ವಿಷಯ.

ಸ್ಟೀಲ್ ಟೇಪಿನ ತುದಿಯಲ್ಲಿ ಒಂದು ಪುಟ್ಟ ಕೊಕ್ಕೆ ಇರುತ್ತದೆ. ಎಳೆದೂ ಎಳೆದೂ ಅದು ಸಡಿಲವಾಗುತ್ತದೆ. ಕೊಕ್ಕೆ ಅಲುಗಾಡಿದರೆ ಸೊನ್ನೆಯೂ ಅಲುಗಾಡುತ್ತದೆ. ಸೊನ್ನೆಯೇ ಅಲುಗಾಡುವಾಗ ಮಿಕ್ಕ ಅಂಕಿಗಳ ಮರ್ಯಾದೆ ಏನು? ಅದಕ್ಕೇ ಮಿಲಿಮೀಟರು ಟೇಪಿನ ತುದಿಯನ್ನು ಯಾವತ್ತೂ ನಂಬುವುದಿಲ್ಲ. ಹತ್ತು ಸೆಂಟಿಮೀಟರಿನ ಗೆರೆಯನ್ನು ಅಂಚಿಗೆ ಹಿಡಿದು ಅಳೆಯುತ್ತಾನೆ, ಬಂದ ಅಂಕಿಯಿಂದ ಹತ್ತು ಕಳೆಯುತ್ತಾನೆ. ಪ್ರಯೋಗಾಲಯದಲ್ಲಿ ಕಲಿತದ್ದು, ಕಿಟಕಿಯ ಪರದೆಗೂ ಇದೇ, ಪುಸ್ತಕದ ಕಪಾಟಿಗೂ ಇದೇ. ಹೆಂಡತಿ ಟೇಪಿನ ಇನ್ನೊಂದು ತುದಿ ಹಿಡಿದು ಕಂಡ ಅಂಕಿಯನ್ನು ಕಂಡ ಹಾಗೆ ಕೂಗುವುದು, ಇವನು ಮನಸ್ಸಿನಲ್ಲೇ ಹತ್ತು ಕಳೆದು ಬರೆದುಕೊಳ್ಳುವುದು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಎಲ್ಲವೂ ಹೀಗೇ ಅಳೆಯಲ್ಪಟ್ಟಿದೆ.

ಬೆಂಚಿನ ಉದ್ದ, ಅಗಲ ಎರಡನ್ನೂ ಅವನೊಬ್ಬನೇ ಅಳೆದುಕೊಂಡ. ಎತ್ತರಕ್ಕೆ ಇಬ್ಬರು ಬೇಕು. ಕಂಡಕ್ಟರಮ್ಮ ಶೂ ಹಾಕಿಕೊಂಡು ಗೋಡೆಗೆ ಆತು ನಿಂತರು. ಅವನು ನೆಲದ ಮೇಲೆ ಕೂತು, ಟೇಪಿನ ತುದಿಯನ್ನು ನೆಲದುದ್ದಕ್ಕೆ ಮಡಚಿ, ಹತ್ತರ ಗೆರೆಯನ್ನು ಅವರ ಹಿಮ್ಮಡಿಯ ಪಕ್ಕಕ್ಕೆ, ನೆಲಕ್ಕೆ ಸರಿಯಾಗಿ ಒತ್ತಿ ಹಿಡಿದ. ಹೆಂಡತಿ ಮಂಡಿಯ ಹಿಂದೆ ಟೇಪನ್ನು ಹಿಡಿದಳು.

“ಏನ್ರಪ್ಪ, ಅಳತೆ ತಗೊಳ್ತಿರೋದು ಬೆಂಚಿಗೋ ಪೆಟ್ಟಿಗೆಗೋ?” ಎಂದರು ಕಂಡಕ್ಟರಮ್ಮ.

“ಅಲುಗಾಡಬೇಡಿ ಅತ್ತೆ.”

“ನಾನು ಅಲುಗಾಡೋ ಹಾಗಿದ್ರೆ ಇದೆಲ್ಲ ಯಾಕಪ್ಪ ಬೇಕಿತ್ತು.”

ಟೇಪಿನಲ್ಲಿ ಕಂಡದ್ದು ಐವತ್ತೇಳು. ಹೆಂಡತಿ ಕೂಗಲು ಬಾಯಿ ತೆರೆದಳು. ನೆಲದ ಮೇಲೆ ಕೂತಿದ್ದ ಗಂಡನನ್ನು ನೋಡಿದಳು. ಪ್ರಯೋಗಾಲಯದಲ್ಲಿ ಆ ವಾರ ತಪಾಸಣೆ ಇತ್ತು, ಅವನ ಕಣ್ಣು ಕೆಂಪಾಗಿತ್ತು. ಸುಸ್ತಾಗಿದ್ದಾರೆ, ಕಳೆಯೋದು ಮರೆತುಬಿಟ್ಟಾರು, ಎತ್ತರ ತಪ್ಪಿದರೆ ಅಮ್ಮನಿಗೆ ತೊಂದರೆ, ತಾನೇ ಕಳೆದು ಹೇಳಿದರೆ ಅವರ ತಲೆಗೆ ಅಷ್ಟು ಕೆಲಸ ಕಡಿಮೆ. ಇಷ್ಟನ್ನೂ ಅವಳು ಒಂದು ಉಸಿರಿನಲ್ಲಿ ಯೋಚಿಸಿದಳು.

“ನಲವತ್ತೇಳು” ಎಂದಳು.

ಅವನು ಹತ್ತು ಕಳೆದು, ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಮೂವತ್ತೇಳು ಎಂದು ಬರೆದ.

(ನಾನು ಅಲ್ಲೇ ಇದ್ದೆ. ಕೂಗಿ ಹೇಳಬಹುದಿತ್ತು. ಕಥೆ ಬರೆಯುವವರು ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ‘ಶಿಲ್ಪ’ ಎಂಬ ಚಂದದ ಹೆಸರಿದೆ.)

೧೫

ಬೆಂಚು ತೀರ ಸರಳ: ಕೂರಲು ಒಂದು ದಪ್ಪ ಹಲಗೆ, ಅದನ್ನು ಹೊರಲು ಎರಡು ಬದಿಯಲ್ಲಿ ಎರಡು ನಿಲುವು ಹಲಗೆ, ಎರಡೂ ಅತ್ತಿತ್ತ ವಾಲದ ಹಾಗೆ ನಡುವೆ ಒಂದು ಅಡ್ಡಪಟ್ಟಿ. ಮರ ಹಳೆಯ ಮಂಚದ್ದು. ಬಿಚ್ಚಿಟ್ಟ ಹಲಗೆಗಳು ಬಾಲ್ಕನಿಯಲ್ಲಿ ಬಹಳ ದಿನದಿಂದ ಗೋಡೆಗೆ ಒರಗಿ, ಯಾರಾದರೂ ಏನಾದರೂ ಮಾಡಲಿ ಎಂದು ಕಾಯುತ್ತಿದ್ದವು.

ಮಿಲಿಮೀಟರು ಬಾಲ್ಕನಿಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಮೂಲೆಮಟ್ಟ ಇಟ್ಟು ಗೆರೆ ಎಳೆದ. ಗೆರೆಯ ಯಾವ ಪಕ್ಕದಲ್ಲಿ ಗರಗಸ ಓಡಬೇಕು ಎಂದು ಬಾಣದ ಗುರುತು ಹಾಕಿದ, ಏಕೆಂದರೆ ಗರಗಸವೂ ತನ್ನ ದಪ್ಪದಷ್ಟು ಮರ ತಿನ್ನುತ್ತದೆ. ಮೇಲಿನ ಹಲಗೆಯ ದಪ್ಪ ಮೂರು ಸೆಂಟಿಮೀಟರು, ಆದ್ದರಿಂದ ನಿಲುವು ಹಲಗೆ ಮೂವತ್ನಾಲ್ಕು. ಕೊಯ್ದ. ಎರಡನ್ನೂ ಪಕ್ಕ ಪಕ್ಕ ಇಟ್ಟು ಬೆರಳಾಡಿಸಿದ. ಉಗುರಿಗೆ ಸಿಗುವಷ್ಟು ಹೆಚ್ಚುಕಡಿಮೆ ಇತ್ತು. ಉಪ್ಪುಕಾಗದ ಹಾಕಿ ಉಜ್ಜಿ ಅದನ್ನೂ ಸರಿ ಮಾಡಿದ. ಡ್ರಿಲ್ಲಿನಲ್ಲಿ ತೂತು ಕೊರೆದು, ಅಂಟು ಹಚ್ಚಿ, ಸ್ಕ್ರೂ ಬಿಗಿದು, ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಟ್ಟನಡುವೆ ಬಂದು ನಿಂತಿತು.

ಮತ್ತೆ ಅಳೆದ. ಮೂವತ್ತೇಳು. ಇನ್ನೊಂದು ಟೇಪು ತಂದು ಅಳೆದ. ಮೂವತ್ತೇಳು. ನಾಲ್ಕೂ ಮೂಲೆಯಲ್ಲಿ ಅಳೆದ. ಮೂವತ್ತೇಳು, ಮೂವತ್ತೇಳು, ಮೂವತ್ತೇಳು, ಮೂವತ್ತೇಳು.

ಕಾಲೇಜಿನಲ್ಲಿ ಮೊದಲ ವರ್ಷವೇ ಹೇಳಿಕೊಡುತ್ತಾರೆ: ಎಷ್ಟು ಸಲ ಅಳೆದರೂ ಒಂದೇ ಉತ್ತರ ಬರುವುದು ಬೇರೆ, ಆ ಉತ್ತರ ಸರಿಯಿರುವುದು ಬೇರೆ. ಆ ಪರೀಕ್ಷೆಯಲ್ಲಿ ಮಿಲಿಮೀಟರಿಗೆ ಒಳ್ಳೆಯ ಅಂಕ ಬಂದಿತ್ತು.

ಇಲ್ಲಿ ಅವನಿಗೂ ನನಗೂ ಸಣ್ಣ ಜಟಾಪಟಿ ನಡೆಯಿತು.

“ನನ್ನನ್ನ ಮಂಕು ಅಂತ ತೋರಿಸ್ತಿದ್ದೀರಾ?” ಎಂದ.

“ಇಲ್ಲ. ನೀವು ಶಿಸ್ತಿನ ಮನುಷ್ಯ ಅಂತ ತೋರಿಸ್ತಿದ್ದೀನಿ. ಓದುವವರಿಗೆ ಮಂಕು ಅನಿಸಿದ್ರೆ ನನ್ನ ಹೊಣೆಯಲ್ಲ.”

“ಯಾರಿಗಾದ್ರೂ ಗೊತ್ತಾಗಲ್ವಾ, ಮೂವತ್ತೇಳು ಅಂದ್ರೆ ಗಿಡ್ಡ ಅಂತ?”

“ನಿಮಗೆ ಗೊತ್ತಾಯ್ತಾ?”

ಅವನು ಬೆಂಚನ್ನು ನೋಡಿದ. “ಸ್ವಲ್ಪ ಗಿಡ್ಡ ಕಂಡಿತ್ತು. ಆದ್ರೆ ಅಳತೆ ಹಾಗಂತಿತ್ತಲ್ಲ” ಎಂದ.

ಹೆಂಡತಿಗೂ ಗಿಡ್ಡ ಕಂಡಿತ್ತು. ಟೀ ತಂದುಕೊಟ್ಟು, ಬಾಲ್ಕನಿಯ ಬಾಗಿಲಲ್ಲಿ ನಿಂತು ನೋಡಿದಳು. ಅಳೆಯುವುದರಲ್ಲಿ ಇವರನ್ನು ಮೀರಿಸಿದವರಿಲ್ಲ, ತನ್ನ ಕಣ್ಣಿನದೇ ತಪ್ಪಿರಬೇಕು ಎಂದುಕೊಂಡಳು. “ಚೆನ್ನಾಗಿ ಬಂದಿದೆ” ಎಂದಳು. ಕಂಡಕ್ಟರಮ್ಮ ನೋಡಿರಲೇ ಇಲ್ಲ. ಪರೀಕ್ಷೆ ಮುಗಿಯದ ವಸ್ತುವನ್ನು ಗ್ರಾಹಕರಿಗೆ ತೋರಿಸುವುದು ಪ್ರಯೋಗಾಲಯದ ಪದ್ಧತಿಯಲ್ಲ.

೧೬

ಶನಿವಾರ ಮಧ್ಯಾಹ್ನ, ವಾರ್ನಿಶ್ ಒಣಗುತ್ತಿತ್ತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದರು. ಒಳಗಿನ ಕೋಣೆಯಿಂದ ಕಂಡಕ್ಟರಮ್ಮನ ಗೊರಕೆ ಕೇಳುತ್ತಿತ್ತು.

“ಅಮ್ಮ ಅಲ್ಲಿಗೆ ಹೋದ್ರೂ ಚೆನ್ನಾಗೇ ಇರ್ತಾರೆ ಅಲ್ವಾ” ಎಂದಳು ಹೆಂಡತಿ. ಇಲ್ಲ, ಇಲ್ಲೇ ಇರಲಿ ಎಂದು ಅವನು ಹೇಳಲಿ ಎಂದು ಹೇಳಿದ ಮಾತು ಅದು.

ಪಾಪ, ದಿನಾ ಬಗ್ಗಿ ಬಗ್ಗಿ ಸುಸ್ತಾಗಿದ್ದಾಳೆ, ಬಾಯಿಬಿಟ್ಟು ಹೇಳಲಾರಳು ಎಂದು ಅವನು ಲೆಕ್ಕ ಹಾಕಿದ. “ಹೂಂ, ಲಿಫ್ಟೂ ಇದೆ” ಎಂದ.

ಇವರಿಗೆ ಮನೆ ಮೊದಲಿನ ಹಾಗೆ ಖಾಲಿಯಾದರೆ ಸಾಕಾಗಿದೆ, ಒಳ್ಳೆಯವರು, ಹೇಳುತ್ತಿಲ್ಲ ಎಂದು ಅವಳು ಲೆಕ್ಕ ಹಾಕಿದಳು. “ನರ್ಸೂ ಇದ್ದಾಳೆ” ಎಂದಳು.

“ಒಳ್ಳೇದಾಯ್ತಲ್ಲ.”

“ಹೂಂ, ಒಳ್ಳೇದು.”

ತಟ್ಟೆಗಳು ಚೆನ್ನಾಗಿ ಹೊಳೆಯುತ್ತಿದ್ದವು. ಒಳಗೆ ಗೊರಕೆ ನಿಂತಿತ್ತು, ಯಾವಾಗ ನಿಂತಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

(ಇಲ್ಲಿ ಒಂದು ರೂಪಕ ಇದೆ ಎಂದು ನಿಮಗೆ ಅನಿಸಿದರೆ, ಇದೆ. ಸೋಫಾದ ಮೇಲೆ ಮಲಗಿದ ನೆಂಟನ ಹಾಗೆ ಅಡ್ಡಡ್ಡ ಬಿದ್ದಿದೆ. ಸುತ್ತಿಕೊಂಡು ಮುಂದಕ್ಕೆ ಹೋಗಿ.)

೧೭

ಭಾನುವಾರ ಬೆಳಿಗ್ಗೆ ಬೆಂಚನ್ನು ಬಾಗಿಲ ಹಿಂದಿನ ಜಾಗಕ್ಕೆ ತಂದಿಟ್ಟ. ಒಂದು ಕಡೆ ಗೋಡೆ, ಒಂದು ಕಡೆ ಚಪ್ಪಲಿ ಗೂಡು, ನಡುವೆ ಬೆಂಚು ಅಳೆದು ಹೊಯ್ದ ಹಾಗೆ ಕೂತಿತು. ಬಾಗಿಲನ್ನು ತೆರೆದು ಮುಚ್ಚಿ ತೋರಿಸಿದ, ಎಲ್ಲೂ ತಾಗಲಿಲ್ಲ. ಕಂಡಕ್ಟರಮ್ಮನ ಬ್ಯಾಗು ಆಗಲೇ ಗೂಡಿನ ಪಕ್ಕದಲ್ಲಿತ್ತು. ಷರತ್ತು ಗೆದ್ದರೆ ಬಿಚ್ಚಿದರಾಯಿತು, ತುಂಬಿಡುವುದರಲ್ಲಿ ನಷ್ಟವೇನು ಎಂದಿದ್ದರು.

“ಸಣ್ಣದಾಯ್ತೇನೋ ಅಲ್ವೇನಪ್ಪ?”

“ಕೂತು ನೋಡಿ ಅತ್ತೆ. ಅಳತೆ ಸರಿ ಇದೆ.”

ಕೂತರು. ಅಂದರೆ, ಕೂರಲು ಹೊರಟರು. ಬೆಂಚು ಸಿಗಬೇಕಾದ ಎತ್ತರದಲ್ಲಿ ಸಿಗಲಿಲ್ಲ. ಅದರ ಕೆಳಗೂ ಸಿಗಲಿಲ್ಲ. ಕೊನೆಗೆ ಸಿಕ್ಕಾಗ ಅವರ ಬಾಯಿಂದ ‘ಹಾ’ ಎಂದು ಸದ್ದು ಬಂತು, ಎರಡು ಕಾಲೂ ಮುಂದಕ್ಕೆ ಚಾಚಿಕೊಂಡವು.

ಒಂದು ಒಳ್ಳೆಯದಾಯಿತು. ಅಷ್ಟು ಕೆಳಗೆ ಕೂತಿದ್ದರಿಂದ ಶೂಗಳು ಕೈಗೆ ಸಿಕ್ಕವು. ಕಂಡಕ್ಟರಮ್ಮ ಎಡಗಾಲಿನದನ್ನು ಹಾಕಿ, ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡೇ ಅದಕ್ಕೂ ಹಾಕಿ, ಎರಡರ ಲೇಸನ್ನೂ ಬಿಗಿದು ಕಟ್ಟಿದರು. ಆಪರೇಷನ್ ಆದ ಮೇಲೆ ಮೊದಲ ಸಲ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮಿಲಿಮೀಟರು, ನಾನು ಹೇಳಲಿಲ್ಲವೇ ಎನ್ನುವ ಮುಖ ಮಾಡಿಕೊಂಡಿದ್ದ.

ಆಮೇಲೆ ಏಳಲು ಹೋದರು.

ಗೂಡು ಹಿಡಿದು ನೋಡಿದರು, ಗೋಡೆ ಒತ್ತಿ ನೋಡಿದರು. ಮುಂದಕ್ಕೆ ಬಾಗಿ ಒಂದು ಜೀಕು ಜೀಕಿದರು. ಲೋಹದ ಮಂಡಿ ಒಪ್ಪಲಿಲ್ಲ. ಅಳಿಯ ಕೈ ಚಾಚಿದ.

“ಮುಟ್ಟಬೇಡ” ಎಂದರು. “ನಾನೇ ಏಳ್ಬೇಕು ಅಂತಲ್ವಾ ಮಾತು.”

ಮತ್ತೆ ಜೀಕಿದರು. ಮತ್ತೆ ಕೂತರು. ಹಣೆಯ ಬೆವರು ಒರೆಸಿಕೊಂಡು, ಮಾಮೂಲಿ ದನಿಯಲ್ಲಿ ಹೇಳಿದರು: “ಸೀಟೇನೋ ಸಿಕ್ತು. ಇಳಿಯೋ ಸ್ಟಾಪ್ ಇಲ್ಲ ಅಷ್ಟೆ.”

ಮಿಲಿಮೀಟರು ಟೇಪು ತಂದ. ಮಾತಾಡದೆ ಬೆಂಚಿನ ಎತ್ತರ ಅಳೆದ. ಮೂವತ್ತೇಳು. ಅತ್ತೆಯ ಮಂಡಿಯ ಹಿಂದಕ್ಕೆ ಹಿಡಿದು ಅಳೆದ. ನಲವತ್ತೇಳು.

“ನೀನು ಅವತ್ತು ಎಷ್ಟು ಅಂದೆ?”

“ನಲವತ್ತೇಳು.”

“ಟೇಪಲ್ಲಿ ಎಷ್ಟಿತ್ತು?”

“ಐವತ್ತೇಳು. ನೀವು ಸುಸ್ತಾಗಿದ್ರಿ, ಮರೀತೀರೇನೋ ಅಂತ ನಾನೇ ಹತ್ತು ಕಳೆದೆ.”

“ನಾನು ಯಾವತ್ತಾದ್ರೂ ಮರೆತಿದ್ದೀನಾ?”

“ಮರೆತಿಲ್ಲ. ಮರೀಬಾರ್ದು ಅಂತ...”

“ನಾನೂ ಕಳೆದೆ.”

“ನೀವು ಕಳೀತೀರ ಅಂತ ನನಗೆ ಗೊತ್ತಿತ್ತು ರೀ. ಆದ್ರೆ ಅವತ್ತು...”

“ಹೇಳ್ಬಹುದಿತ್ತಲ್ಲ, ಕಳೆದಿದ್ದೀನಿ ಅಂತ.”

“ನೀವೂ ಕೇಳ್ಬಹುದಿತ್ತಲ್ಲ.”

ಇಬ್ಬರ ಮಾತೂ ಕಂಡಕ್ಟರಮ್ಮನ ತಲೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು. ಅಷ್ಟು ಕೆಳಗೆ ಕೂತಿದ್ದರಿಂದ ಅವರು ಒಬ್ಬರ ಮುಖ ನೋಡಬೇಕಾದರೂ ಕತ್ತೆತ್ತಬೇಕಿತ್ತು. ಕತ್ತೆತ್ತಿದರು.

“ಆಯ್ತು. ಬೆಂಚಲ್ಲಿ ಹತ್ತು ಹತ್ತು ಕಳೆದ್ರಿ. ಇನ್ನೂ ಯಾವ್ಯಾವುದರಲ್ಲಿ ಕಳೆದಿದ್ದೀರಿ ಇಬ್ರೂ?”

ಹೆಂಡತಿ ಚಪ್ಪಲಿ ಗೂಡಿನ ಕಡೆ ನೋಡಿದಳು, ಮಿಲಿಮೀಟರು ಕೈಯಲ್ಲಿದ್ದ ಟೇಪಿನ ಕಡೆ.

“ನಿನ್ನೆ ನಾನು ಮಲಗಿರಲಿಲ್ಲ. ಇವನು ಲಿಫ್ಟು ಅಂದ, ನೀನು ನರ್ಸು ಅಂದೆ. ಹೋಗು ಅಂತ ಒಬ್ರೂ ಹೇಳಿಲ್ಲ, ಇರು ಅಂತಾನೂ ಹೇಳಿಲ್ಲ. ಬೆಂಚು ಮಾಡಿದ್ರಂತೆ ಬೆಂಚು.”

೧೮

ಈ ಹಂತದಲ್ಲಿ ನನ್ನ ಬಳಿ ಮೂರು ಮುಕ್ತಾಯಗಳಿವೆ. ದಯವಿಟ್ಟು ನೋಡಿ ಆರಿಸಿಕೊಳ್ಳಿ.

ಮೊದಲನೆಯದು: ಕಿರಿಯ ಮಗಳು ಬಂದು ಕರೆದುಕೊಂಡು ಹೋಗುತ್ತಾಳೆ. ಖಾಲಿ ಬೆಂಚಿನ ಮೇಲೆ ಸಂಜೆಯ ಬಿಸಿಲು ಬೀಳುತ್ತದೆ. ಮಿಲಿಮೀಟರು ಬಂದು ಅದರ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯ ಮೇಲೆ ಕೈಯಿಡುತ್ತಾನೆ. ಖಾಲಿ ಆಸನದ ಮೇಲೆ ಬಿಸಿಲು ಬೀಳಿಸಿದ ಕಥೆಗಳಿಗೆ ಬಹುಮಾನ ಬರುವ ಸಾಧ್ಯತೆ ಹೆಚ್ಚು. ಒಂದೇ ತಕರಾರು, ಬಾಗಿಲ ಹಿಂದಿನ ಆ ಜಾಗಕ್ಕೆ ಯಾವ ಹೊತ್ತಿನಲ್ಲೂ ಬಿಸಿಲು ಬರುವುದಿಲ್ಲ. ಟ್ಯೂಬ್‌ಲೈಟ್ ಹಾಕಬೇಕು.

ಎರಡನೆಯದು: ಮಿಲಿಮೀಟರು ಓಡಿಹೋಗಿ ಹತ್ತು ಸೆಂಟಿಮೀಟರಿನ ಮರದ ತುಂಡುಗಳನ್ನು ಕೊಯ್ದು ಬೆಂಚಿನ ಕಾಲಿಗೆ ಅಂಟಿಸುತ್ತಾನೆ. ಅತ್ತೆ ಏಳುತ್ತಾರೆ, ಬಾಗಿಲು ದಾಟುತ್ತಾರೆ, ಎಲ್ಲರೂ ನಗುತ್ತಾರೆ. ಅಂಟು ಒಣಗಲು ಇಡೀ ದಿನ ಬೇಕು. ಕಿರಿಯ ಮಗಳು ಆಗಲೇ ಬೀದಿಯ ತಿರುವಿನಲ್ಲಿದ್ದಾಳೆ. ನನ್ನ ವಿಜ್ಞಾನದ ಮೇಷ್ಟರುಗಳು ಇದನ್ನು ಓದಿದರೆ ಪದವಿ ವಾಪಸು ಕೇಳುತ್ತಾರೆ.

ಮೂರನೆಯದು ಬಹಳ ಆಧುನಿಕ: ಬೆಂಚು ಇಲ್ಲವೇ ಇಲ್ಲ. ಇದ್ದದ್ದು ಬೆಂಚು ಎಂಬ ಪದ ಮಾತ್ರ. ನಾವೆಲ್ಲರೂ ಭಾಷೆಯ ಮೇಲೆ ಕೂತು...

“ಏನಯ್ಯ ಕಥೆಗಾರ.”

ನನ್ನನ್ನೇ ಕರೆದದ್ದು.

“ಬೆಂಚೇ ಇಲ್ಲ ಅಂದ್ರೆ ನಾನು ಕೂತಿರೋದು ಎಲ್ಲಿ, ನಿನ್ನ ತಲೆ ಮೇಲಾ?”

“ಹಾಗಲ್ಲಮ್ಮ, ಅದೊಂದು ಸಾಧ್ಯತೆ ಅಂತ...”

“ಸಾಧ್ಯತೆ ಆಮೇಲೆ ಮಾಡ್ಕೋ. ನೀನು ಆರಾಮಾಗಿ ಮೇಜಿನ ಮುಂದೆ ಕುರ್ಚಿ ಹಾಕ್ಕೊಂಡು ಒಂದು, ಎರಡು, ಮೂರು ಅಂತ ಎಣಿಸ್ತಾ ಕೂತಿದ್ದೀಯ. ನನಗೆ ಇಲ್ಲಿ ಕಾಲು ಜೋಮು ಹಿಡೀತಿದೆ. ಆ ಮಂಕು ಇನ್ನೂ ಟೇಪ್ ಹಿಡ್ಕೊಂಡು ನಿಂತಿದ್ದಾನೆ. ಅವನಿಗೆ ಬಾಯಿ ಕೊಟ್ಟಿದ್ದೀಯೋ ಇಲ್ವೋ?”

ಕೊಟ್ಟಿದ್ದೆ. ಅವನು ಬಳಸಿರಲಿಲ್ಲ, ಅಷ್ಟೆ.

೧೯

“ಇರಿ ಅತ್ತೆ” ಎಂದ ಮಿಲಿಮೀಟರು.

ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. ಟೇಪು ಕೈಯಿಂದ ಜಾರಿ ಸರ್ರನೆ ತನ್ನ ಡಬ್ಬಿಯೊಳಗೆ ಸುತ್ತಿಕೊಂಡಿತು.

“ಅದರಲ್ಲಿ ಎಷ್ಟು ಕಳೀಬೇಕು?” ಎಂದರು ಕಂಡಕ್ಟರಮ್ಮ.

“ಏನೂ ಕಳೀಬೇಡಿ. ನೀವಿಲ್ದಿದ್ರೆ ನನ್ನನ್ನ ಆಡಿಕೊಳ್ಳೋರು ಯಾರೂ ಇರಲ್ಲ ಮನೇಲಿ. ಇವಳು ಬೈಯೋದೂ ಇಲ್ಲ.”

ಹೆಂಡತಿ ಅವನನ್ನು ನೋಡಿದಳು. ಅವನ ಬಾಯಿಂದ ಬಂದ ಅಂಕಿಯನ್ನು ಮೊದಲ ಸಲ ಕಂಡ ಹಾಗೆ ಓದಿಕೊಂಡಳು. ಆಮೇಲೆ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಲೇಸು ಕಟ್ಟಿಯಾಗಿತ್ತು, ಆದರೂ ಕೈ ಅಲ್ಲಿಗೇ ಹೋಯಿತು.

“ಬಗ್ಗೋದು ನನಗೇನೂ ಕಷ್ಟ ಅಲ್ಲಮ್ಮ. ಇಡೀ ದಿನದಲ್ಲಿ ನಿನ್ನ ಹತ್ರ ಕೂರೋಕೆ ನನಗೆ ಸಿಗೋದೇ ಆ ಒಂದು ಗಳಿಗೆ. ನೀನು ಹೊರಗೆ ಹೋಗೋದು ಬಿಟ್ಟಾಗಿಂದ ಅದೂ ಇಲ್ಲ.”

ಕಂಡಕ್ಟರಮ್ಮ ಕೈ ಚಾಚಿದರು. ಮಗಳ ತಲೆಯಲ್ಲಿ ಸಿಕ್ಕಿಕೊಂಡಿದ್ದ ಮರದ ಹೊಟ್ಟಿನ ಒಂದು ಚೂರನ್ನು ತೆಗೆದು ಕೆಳಗೆ ಹಾಕಿದರು.

“ಇದನ್ನ ಮೊದಲೇ ಹೇಳಿದ್ರೆ ಒಂದು ಮಂಚ ಉಳೀತಿತ್ತಲ್ಲೇ.”

(ಇದು ವ್ಯಂಗ್ಯದ ಕಥೆ ಎಂದು ನನಗೂ ನಿಮಗೂ ಒಪ್ಪಂದ ಆಗಿತ್ತು. ನನ್ನ ಕಡೆಯಿಂದ ಲೋಪ ಆಗುತ್ತಿದೆ. ಪಾತ್ರಗಳ ಮೇಲೆ ಹಿಡಿತ ತಪ್ಪಿದೆ ಎಂದು ಬೇಕಾದರೆ ಬರೆದುಕೊಳ್ಳಿ.)

ಕರೆಗಂಟೆ ಸದ್ದಾಯಿತು.

“ಅಮ್ಮಾ, ರೆಡಿನಾ?” ಎಂದಿತು ಬಾಗಿಲ ಆಚೆಯಿಂದ ಕಿರಿಯ ಮಗಳ ದನಿ. “ಕೆಳಗೆ ಕಾರು ಅಡ್ಡ ನಿಲ್ಲಿಸಿದ್ದೀನಿ, ಬೇಗ ಬಾ.”

ಮೂವರೂ ಬಾಗಿಲನ್ನು ನೋಡಿದರು. ಷರತ್ತಿನ ಪ್ರಕಾರ ಲೆಕ್ಕ ಹಾಕಿದರೆ, ಶೂ ಹಾಕಿಕೊಂಡದ್ದು ತಾನೇ, ಎದ್ದದ್ದು ಇಲ್ಲ, ಬಾಗಿಲು ದಾಟಿದ್ದು ಇಲ್ಲ. ಸೋತಂತೆ. ಬ್ಯಾಗು ಗೂಡಿನ ಪಕ್ಕದಲ್ಲೇ ಇದೆ. ಆದರೆ ಷರತ್ತು ಹಾಕುವಾಗ, ಇರಿ ಎಂದು ಯಾರಾದರೂ ಹೇಳಿಬಿಟ್ಟರೆ ಏನು ಮಾಡುವುದು ಎಂದು ಕಂಡಕ್ಟರಮ್ಮ ಯೋಚಿಸಿರಲಿಲ್ಲ.

“ತಡಿಯೇ” ಎಂದು ಅವರು ಕೂಗಿದರು. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನ ಕಿವಿ ಮುಟ್ಟುತ್ತಿದ್ದ ಹಳೆಯ ದನಿ. “ಬಾಗಿಲಲ್ಲಿ ಜನ ನಿಂತಿದ್ದಾರೆ.”

ಆಮೇಲೆ ತಮ್ಮ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು. ಒಂದನ್ನು ಮಗಳು ಹಿಡಿದಳು, ಇನ್ನೊಂದನ್ನು ಮಿಲಿಮೀಟರು.

“ಎಳೀಬೇಡಿ. ಸುಮ್ನೆ ಹಿಡ್ಕೊಂಡಿರಿ. ನಾನೇ ಏಳ್ತೀನಿ.”

ಹಲಗೆ ಕಿರ್ ಎಂದಿತು. ಕಂಡಕ್ಟರಮ್ಮ ಬೆಂಚಿನಿಂದ ಮೇಲಕ್ಕೆ ಬಂದರು. ಪೂರ್ತಿ ಅಲ್ಲ, ಹೆಚ್ಚುಕಡಿಮೆ ಹತ್ತು ಸೆಂಟಿಮೀಟರಿನಷ್ಟು.

ಇಲ್ಲಿ ನಿಲ್ಲಿಸುತ್ತೇನೆ. ಬೈಯಬೇಡಿ. ಮುಂದೆ ಬರೆಯಲು ಹೋದರೆ ಬಾಗಿಲು ತೆರೆಯಬೇಕಾಗುತ್ತದೆ, ಬಾಗಿಲು ಒಳಗಡೆಗೆ ತೆರೆಯುತ್ತದೆ, ಅದರ ದಾರಿಯಲ್ಲಿ ಮೂವರು ಕೈ ಹಿಡಿದು ನಿಂತಿದ್ದಾರೆ. ಮೊದಲು ಅವರು ಒಟ್ಟಿಗೆ ಒಂದು ಪಕ್ಕಕ್ಕೆ ಸರಿಯಬೇಕು. ಬ್ಯಾಗು ಇರುವ ಪಕ್ಕಕ್ಕೋ, ಒಳಮನೆಯ ಪಕ್ಕಕ್ಕೋ, ಅವರವರೇ ಮಾತಾಡಿಕೊಳ್ಳಲಿ. ಈಗೀಗ ಮಾತಾಡುವುದನ್ನು ಕಲಿತಿದ್ದಾರೆ.

ಹತ್ತು ಕಳೆಯುವುದು ಬಾಕಿ ಇದೆ ಎಂದು ಆಗ ಹೇಳಿದ್ದೆ. ಬರೆಯುವಾಗ ನಾನೇ ಕಳೆದುಬಿಟ್ಟೆನೋ, ನಿಮಗೆ ಬಿಟ್ಟೆನೋ, ಈಗ ನೆನಪಾಗುತ್ತಿಲ್ಲ. ನೀವು ಕಳೆಯುವ ಮೊದಲು ಒಂದು ಸಲ ನನ್ನನ್ನು ಗಟ್ಟಿಯಾಗಿ ಕೇಳಿಬಿಡಿ.